ಮಣ್ಣು ಕೆದರುವ ಗೋಸುಂಬೆ

ಗೋಸುಂಬೆ ಮತ್ತೆ ಪಂಜರದ ನೆಲವನ್ನು ಕೆದರತೊಡಗಿತ್ತು.

ಬಿಯುನ್ ಬಿಡಿಸುತ್ತಿದ್ದ ಸೊಪ್ಪನ್ನು ಅಲ್ಲೇ ಬಿಟ್ಟು ಓಡಿ ಬಂದಳು. ಕೆದರಲು ಅಲ್ಲೇನೂ ಇರಲಿಲ್ಲ. ಪ್ಲಾಸ್ಟಿಕ್ ತಟ್ಟೆಯ ಮೇಲೆ ಅವಳೇ ಹಾಸಿದ್ದ ಬಿಳಿ ಕಾಗದ, ಅಷ್ಟೆ. ಆದರೂ ಅದು ಮುಂಗಾಲುಗಳಿಂದ ಪರಪರನೆ ಕೆರೆಯುತ್ತಿತ್ತು. ಒಂದು ಕಣ್ಣು ನೆಲದ ಮೇಲೆ, ಇನ್ನೊಂದು ಅವಳ ಮೇಲೆ.

“ಕೇಳಿಸ್ತಿದೆಯಾ?” ಎಂದಳು ಗಂಡನಿಗೆ. “ಅವನಿಗೆ ಉಸಿರು ಕಟ್ತಿದೆ.”

ಚಿಂಗ್‌ಶಾನ್ ಕೈಗೆ ಮೆತ್ತಿದ ಸ್ಕೂಟರಿನ ಎಣ್ಣೆಯನ್ನು ಒರೆಸುತ್ತ ಬಾಗಿಲಲ್ಲೇ ನಿಂತ.

ಅವರ ಒಬ್ಬನೇ ಮಗ ರೂಯಿ. ಹೋದ ವರ್ಷ ಚಂಡಮಾರುತ ಬಂದುಹೋದ ಮರುದಿನ ಬೈಕ್ ಹತ್ತಿ ಹ್ವಾಲಿಯೆನ್ ಪಟ್ಟಣದಿಂದ ಬೆಟ್ಟದ ರಸ್ತೆಗೆ ಹೋದವನ ಮೇಲೆ ಗುಡ್ಡ ಕುಸಿಯಿತು. ಬೈಕಿನ ಕನ್ನಡಿ ಸಿಕ್ಕಿತು, ಮಗ ಸಿಗಲಿಲ್ಲ. ಬರಿಗೈಯಲ್ಲಿ ಕೆಸರು ಬಗೆಯುತ್ತಿದ್ದ ಬಿಯುನ್‌ಳನ್ನು ಸೈನಿಕರು ಎತ್ತಿಕೊಂಡೇ ಬರಬೇಕಾಯಿತು. ಅವನ ಬಟ್ಟೆಗಳನ್ನಿಟ್ಟು ಪೆಟ್ಟಿಗೆಯನ್ನಾದರೂ ಹೂಳೋಣ ಎಂದರು ಹಿರಿಯರು. ಅವಳು ಒಪ್ಪಲಿಲ್ಲ.

ಸಾಯುವ ಹಿಂದಿನ ತಿಂಗಳಷ್ಟೇ ರೂಯಿ ಈ ಗೋಸುಂಬೆಯನ್ನು ತಂದಿದ್ದ. ಆಗ ಅದು ಕಿರುಬೆರಳಿನಷ್ಟು. ಯಾರು ಹತ್ತಿರ ಹೋದರೂ ಬಾಯಿ ಕಳೆದು ಬುಸುಗುಟ್ಟುತ್ತಿತ್ತು. ಸತ್ತವರು ಮನೆಗೆ ಬಂದುಹೋಗುತ್ತಾರೆ ಎಂದು ನಂಬುವ ಏಳನೆಯ ದಿನ, ಅವಳು ಪಂಜರದ ಬಾಗಿಲು ತೆರೆದಾಗ ಅದು ಮೆಲ್ಲಗೆ ತೂಗಾಡುತ್ತ ಬಂದು ಅವಳ ಅಂಗೈ ಹತ್ತಿ ಕುಳಿತಿತು. ಆವತ್ತಿನಿಂದ ಅವಳ ಪಾಲಿಗೆ ಅದು ಗೋಸುಂಬೆಯಾಗಿರಲಿಲ್ಲ.

ಬಟ್ಟಲಿನ ನೀರನ್ನು ಅದು ಮೂಸಿಯೂ ನೋಡುವುದಿಲ್ಲ, ಎಲೆಯ ತುದಿಯಿಂದ ತೊಟ್ಟಿಕ್ಕಿದರೆ ಮಾತ್ರ ಕುಡಿಯುತ್ತದೆ ಎಂದು ಕಲಿತಳು. ಮಿಡತೆಗಳನ್ನು ಕ್ಯಾಲ್ಸಿಯಂ ಪುಡಿಯಲ್ಲಿ ಹೊರಳಿಸಿ ಕೊಟ್ಟಳು. ಬಿಸಿಲು ಕಾಣದ ದಿನಗಳಿಗೆಂದು ಬಿಸಿಲಿನಂಥದೇ ದೀಪ ತರಿಸಿದಳು. ಅದು ಹಸಿರಾಗಿ, ಮೈತುಂಬಿಕೊಂಡು ಬೆಳೆಯಿತು.

“ಓತಿಕ್ಯಾತಕ್ಕೆ ಮಾಡೋ ಸೇವೆಯಲ್ಲಿ ಕಾಲು ಭಾಗ ನನ್ನ ತಮ್ಮನಿಗೆ ಮಾಡಿದ್ರೆ ಅವನೂ ನಾಲ್ಕು ಬಣ್ಣ ಬದಲಾಯಿಸ್ತಿದ್ದ,” ಎಂದು ಚಿಂಗ್‌ಶಾನನ ಅಕ್ಕ ಚುಚ್ಚಿದ್ದಳು.

“ಅತ್ತಿಗೆ, ಅದನ್ನ ಓತಿಕ್ಯಾತ ಅನ್ಬೇಡಿ,” ಎಂದಿದ್ದಳು ಬಿಯುನ್. ಆಮೇಲೆ ಅತ್ತಿಗೆ ಗೋಸುಂಬೆಯಿದ್ದ ಕೋಣೆಗೆ ಕಾಲಿಡಲಿಲ್ಲ.

ಕೆದರುವುದು ಶುರುವಾದದ್ದು ಈಚೆಗೆ. ಮೊದಲು ಪಂಜರದೊಳಗಿನ ಹೂಕುಂಡದ ಮಣ್ಣನ್ನು ಕೆದರಿತು. ಒಮ್ಮೆ ಅದರ ಮುಖ, ಕಾಲು ಎಲ್ಲ ಮಣ್ಣಾಗಿದ್ದನ್ನು ಕಂಡು ಬಿಯುನ್ ಚೀರಿಕೊಂಡಳು. ಕೂಡಲೇ ಕುಂಡ ಹೊರಗೆ ಹೋಯಿತು. ಪ್ಲಾಸ್ಟಿಕ್ ಗಿಡಗಳು ಒಳಗೆ ಬಂದವು. ಮನೆಯಲ್ಲಿ ಎಲ್ಲೂ ಒಂದು ಹಿಡಿ ಮಣ್ಣು ಉಳಿಯದಂತೆ ನೋಡಿಕೊಂಡಳು.

ಗೋಸುಂಬೆ ಮಿಡತೆ ತಿನ್ನುವುದನ್ನು ನಿಲ್ಲಿಸಿತು. ಹಸಿರು ಮೈ ಕಪ್ಪಿಟ್ಟಿತು. ಅದರ ಮೇಲೆ ನೀಲಿ, ಹಳದಿ ಚುಕ್ಕೆಗಳು ಎದ್ದವು.

“ಕಲ್ಲುಗಳು ಬಿದ್ದ ಗುರುತು,” ಎಂದಳು. “ಹೊಟ್ಟೆ ನೋಡು, ಹೇಗೆ ಉಬ್ಬಿದೆ. ಒಳಗೆಲ್ಲ ಕೆಸರು ತುಂಬಿದೆ.”

ಚಿಂಗ್‌ಶಾನ್ ಪ್ರಾಣಿಗಳ ಅಂಗಡಿಯವನಿಗೆ ಫೋನು ಹಚ್ಚಿ ಅವಳ ಕೈಗೆ ಕೊಟ್ಟ.

“ಗಂಡೋ ಹೆಣ್ಣೋ, ಹೇಳಿ ಅಕ್ಕ,” ಎಂದಿತು ಆ ಕಡೆಯ ದನಿ.

“ನನ್ನ ಮಗ,” ಎಂದು ಬಿಯುನ್ ಫೋನು ಇಟ್ಟುಬಿಟ್ಟಳು.

ಆ ವಾರದ ಕೊನೆಗೆ ಗೋಸುಂಬೆಯ ಕಣ್ಣುಗಳು ಗುಳಿಬಿದ್ದವು. ಕೊಂಬೆ ಹತ್ತುವ ಶಕ್ತಿಯೂ ಇಲ್ಲ. ಕಾಗದದ ಮೇಲೆ ಮಲಗಿದಲ್ಲೇ ಒಂದು ಕಾಲು ಮಾತ್ರ ಕೆರೆಯುತ್ತಿತ್ತು.

“ಬಿಯುನ್,” ಚಿಂಗ್‌ಶಾನ್ ಅವಳ ಪಕ್ಕ ಕುಳಿತ. “ಒಂದು ಮಾತು ಹೇಳ್ತೀನಿ, ಬೈಬೇಡ. ಅವನು ಹೊರಗೆ ಬರೋದಕ್ಕೆ ಅಗೀತಿದ್ದಾನೆ ಅಂತ ನೀನು ಅಂದ್ಕೊಂಡಿದ್ದೀಯ. ಹಂಗಲ್ದೆ ಇದ್ರೆ? ಅವನಿಗೆ ಸುಸ್ತಾಗಿದ್ರೆ? ನಾವು ಅವನನ್ನ ಮಣ್ಣು ಮಾಡಲೇ ಇಲ್ಲ ಕಣೆ.”

ಅವಳು ಬೈಯಲಿಲ್ಲ. ಬಹಳ ಹೊತ್ತು ಅದರ ಬೆನ್ನು ಸವರಿದಳು.

“ಒದ್ದೆ ಮಣ್ಣು ತರಬೇಡ,” ಎಂದಳು ಕೊನೆಗೆ. “ಮರಳು ಬೆರೆಸು. ಮೆತ್ತಗಿರಲಿ.”

ಅವನು ನದಿದಂಡೆಯಿಂದ ದೊಡ್ಡ ಬಕೆಟ್ಟಿನ ತುಂಬ ತಂದ. ಮೂರು ಊದುಕಡ್ಡಿ ಹಚ್ಚಿದರು. ರೂಯಿಗೆ ಇಷ್ಟವಾದ ಬೇಯಿಸಿದ ಕಡಲೆಕಾಯಿ ಇಟ್ಟರು. ವರ್ಷದಿಂದ ಬಾಯಲ್ಲಿ ಬಾರದ ಮಾತು ಆವತ್ತು ಬಂತು: “ಹೋಗು ಮಗನೇ. ಅಮ್ಮ ಇನ್ನು ಹಿಡ್ಕೊಳಲ್ಲ.”

ಮಣ್ಣು ತಾಕಿದ್ದೇ ತಡ, ಸಾಯುತ್ತಿದ್ದ ಪ್ರಾಣಿ ತಲೆಯೆತ್ತಿತು. ಎಲ್ಲಿತ್ತೋ ಆ ಬಲ, ಅಗೆಯಿತು. ತಲೆ ಹೋಯಿತು, ಬೆನ್ನು ಹೋಯಿತು, ಬಾಲದ ಸುರುಳಿಯೂ ಕಾಣದಾಯಿತು. ಚಿಂಗ್‌ಶಾನ್ ಬಕೆಟ್ಟಿಗೆ ಬಿಳಿ ಬಟ್ಟೆ ಹೊದಿಸಿದ. ಇಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡು, ಆ ವರ್ಷದಲ್ಲಿ ಮೊದಲ ಬಾರಿಗೆ, ಜೊತೆಯಾಗಿ ಅತ್ತರು.

ಮರುದಿನ ಮಧ್ಯಾಹ್ನ ಬಕೆಟ್ಟನ್ನು ಬೆಟ್ಟದ ಬುಡಕ್ಕೆ ಒಯ್ಯಬೇಕೆಂದು ಚಿಂಗ್‌ಶಾನ್ ಬಟ್ಟೆ ಸರಿಸಿದವನು ಹಿಂದಕ್ಕೆ ಜಿಗಿದ.

ಮಣ್ಣು ಮೊದಲಿನಂತೆಯೇ ಮಟ್ಟಸವಾಗಿತ್ತು, ಯಾರೋ ತಟ್ಟಿ ಮುಚ್ಚಿದಂತೆ. ಬಕೆಟ್ಟಿನ ಅಂಚಿನಲ್ಲಿ ಗೋಸುಂಬೆ ಕುಳಿತಿತ್ತು. ತಲೆಯ ಮೇಲೆಲ್ಲ ಮರಳು, ಹೊಟ್ಟೆ ಬೆನ್ನಿಗಂಟಿದೆ, ಆದರೂ ಬದುಕಿದೆ. ಚಿಂಗ್‌ಶಾನ್ ಎಲೆಯೊಂದರ ಮೇಲೆ ನೀರು ತೊಟ್ಟಿಕ್ಕಿಸಿದರೆ ಗಟಗಟ ಕುಡಿಯಿತು.

“ಎದ್ದು ಬಂದಿದ್ದಾನೆ,” ಎಂದಳು ಬಿಯುನ್. ಅವಳ ಮುಖ ಬಿಳಿಚಿತ್ತು. “ಹಾಗಾದ್ರೆ ಒಳಗೆ ಹೂತಿಟ್ಟದ್ದು ಏನು?”

ಅವನು ತಡೆಯುವಷ್ಟರಲ್ಲಿ ಅವಳು ಎರಡೂ ಕೈಗಳನ್ನು ಮಣ್ಣಿಗೆ ತೂರಿದಳು. ಮೊಣಕೈವರೆಗೂ ಬಗೆದಳು. ಬೆರಳುಗಳಿಗೆ ಏನೋ ತಾಕಿತು. ಮೆತ್ತಗಿತ್ತು. ಕಣ್ಣು ಮುಚ್ಚಿಕೊಂಡೇ ಬೊಗಸೆಯನ್ನು ಮೇಲಕ್ಕೆತ್ತಿದಳು.

ಬೊಗಸೆ ತುಂಬ ಬೆಳ್ಳನೆಯ ಮೊಟ್ಟೆಗಳಿದ್ದವು.