ತಾಯಮ್ಮನ ಹಲ್ಲಿನ ಸೆಟ್ಟು

"ಹಾಕಿ ನೋಡದೆ ಸೆಟ್ಟು ಕೊಡಕ್ಕಾಗಲ್ಲ ಅಜ್ಜ. ಕಚ್ಚಿಸಿ ನೋಡಿ, ಒತ್ತೋ ಕಡೆ ಉಜ್ಜಿ ಕೊಡಬೇಕು. ತಾಯಮ್ಮನ್ನ ಕರ್ಕೊಂಡು ಬನ್ನಿ," ಎಂದಳು ಬಾಳ್ಳುಪೇಟೆಯ ಹಲ್ಲಿನ ಡಾಕ್ಟರ್ ಆಲ್ವಿಟಾ. ಹದಿನೈದು ದಿನದ ಹಿಂದೆ ತಾಯಮ್ಮ ಇದೇ ಕುರ್ಚಿಯಲ್ಲಿ ಕೂತು, ಅಳತೆಗೆಂದು ಮೇಣದಲ್ಲಿ ಕೂರಿಸಿದ ಹಲ್ಲು ಹಾಕಿಕೊಂಡು, ಕನ್ನಡಿ ಕೆಳಗಿಡದೆ ನಕ್ಕಿದ್ದಳು.

ತಾಯಮ್ಮನ ಗಂಡ ಜವರಪ್ಪ ಹೆಗಲ ಮೇಲಿನ ಟವೆಲ್ಲನ್ನು ತೊಡೆಯ ಮೇಲೆ ಹಾಸಿಕೊಂಡ. "ಅವ್ಳೆಲ್ಲಿ ಬತ್ತಾಳೆ ಡಾಕ್ಟ್ರಮ್ಮ, ಹೋಗ್ಬುಟ್ಲು. ನಾಳೆ ತಿಥಿ. ಅವ್ಳಿಗಿಷ್ಟ ಅಂತ ಮಗಳು ಎಡೆಗೆ ಚಕ್ಕುಲಿ ಮಾಡವ್ಳೆ. ಎರಡು ವರ್ಷದಿಂದ ಕಾಫೀಲಿ ನೆನೆಸ್ಕೊಂಡೇ ತಿಂತಿದ್ಲು. ಎಲೆ ಪಕ್ಕ ಇದನ್ನೂ ಇಡಾನ ಅಂತ ಬಂದೆ."

ಆಲ್ವಿಟಾ ಸೆಟ್ಟಿನ ಅಂಚಿನ ಮೇಲೆ ಬೆರಳಾಡಿಸಿದಳು. ಒಂದು ಕಡೆ ತರಿತರಿಯಾಗಿತ್ತು. ಮೆಷಿನ್ ಹಾಕಿ ಅದನ್ನು ನಿಧಾನವಾಗಿ ಉಜ್ಜಿ, ತೊಳೆದು, ಡಬ್ಬಿಯಲ್ಲಿಟ್ಟು ಕೊಟ್ಟಳು.

ಡಬ್ಬಿಯನ್ನು ಟವೆಲ್ಲಿನಲ್ಲಿ ಸುತ್ತುತ್ತಿದ್ದ ಜವರಪ್ಪನ ಕೈ ನಿಂತಿತು. "ಮೊದಲ್ನೇ ವಾರ ಗಟ್ಟಿ ಪದಾರ್ಥ ಕಡೀಬ್ಯಾಡಿ, ವಸಡು ನೋಯ್ತದೆ ಅಂತ ಅವ್ಳಿಗೆ ಹೇಳಿದ್ರಲ್ಲಾ?"

"ಕಡೀಬಹುದು ಅಜ್ಜ," ಎಂದಳು ಆಲ್ವಿಟಾ. "ಇನ್ನು ನೋಯಲ್ಲ."