ಸದ್ದಡಗಿದ ಇಂಜಿನ್

ಬಚ್ಚನ ದೋಣಿಯ ಇಂಜಿನ್ ರಿಪೇರಿ ಮಾಡಿದ ಮೇಲೆ ಮೆಕ್ಯಾನಿಕ್ ಶೀನಣ್ಣ ಎರಡು ದಿನ ಮೀಸೆ ತಿರುವಿಕೊಂಡೇ ಓಡಾಡಿದ. ಏಳು ವರ್ಷದಿಂದ ಅಳಿವೆಯಾಚೆ ಇರುವಾಗಲೇ ಕೇರಿಗೆಲ್ಲ ಕೇಳುವಂತೆ ಡಬಡಬ ಎನ್ನುತ್ತಿದ್ದ ಇಂಜಿನ್ ಈಗ ಬೆಕ್ಕಿನ ಹಾಗೆ ಬಂದು ದಡ ಸೇರುತ್ತಿತ್ತು.

ಮೂರನೆಯ ದಿನ ಬೆಳಿಗ್ಗೆ ಬಚ್ಚನ ಹೆಂಡತಿ ಜಲಜ ಅಂಗಡಿಗೆ ಬಂದಳು. ಹೊಗಳಿಕೆ ಕೇಳಿಸಿಕೊಳ್ಳಲು ಶೀನಣ್ಣ ಸ್ಪ್ಯಾನರ್ ಕೆಳಗಿಟ್ಟ.

"ಶೀನಣ್ಣ, ಅದನ್ನ ಮೊದಲಿನ ಹಾಗೇ ಮಾಡಿಕೊಡಿ."

"ಎಂತ ಮಾರಾಯ್ತಿ! ಕಾರ್ಬುರೇಟರಿನಲ್ಲಿ ಕಸ ಕಟ್ಟಿ ಸೀಮೆಎಣ್ಣೆ ಉಕ್ತಾ ಇತ್ತು. ಹೊಗೆ ಹೋಗುವ ಕೊಳವೆ ಬಿರುಕು ಬಿಟ್ಟಿತ್ತು. ಹೊಗೆ ನೀರಿನಡಿಗೆ ಹೋದ್ರೆ ಸದ್ದನ್ನ ನೀರೇ ನುಂಗ್ತದೆ. ಮೇಲೇ ಹೊರಟ್ರೆ ಊರಿಗೆಲ್ಲ ಡಂಗುರ. ಎರಡನ್ನೂ ಸರಿ ಮಾಡಿದ್ದೇನಲ್ಲ?"

"ಕೊಳವೆ ಒಂದನ್ನಾದ್ರೂ ಒಡೆದುಕೊಡಿ."

ಶೀನಣ್ಣನಿಗೆ ನಗು ಬಂತು. ಈ ಕೇರಿಯ ಹೆಂಗಸರು ಗಂಡಂದಿರ ಇಂಜಿನ್ನಿನ ಸದ್ದು ಕೇಳಿಯೇ ಗಂಜಿ ಬಿಸಿಗಿಡುವವರೆಂದು ಅವನಿಗೆ ಗೊತ್ತಿತ್ತು.

"ನಿನ್ನೆ ಗಂಜಿ ತಣ್ಣಗಿತ್ತು ಅಂತ ಬಚ್ಚ ಬೈದನಾ?"

"ಗಂಜಿ ಬಿಸಿಯೇ ಇತ್ತು," ಎಂದಳು ಜಲಜ, ಸೆರಗನ್ನು ಕುತ್ತಿಗೆಯವರೆಗೂ ಎಳೆದುಕೊಂಡು. "ಆ ಸದ್ದು ಕೇಳಿದ ಮೇಲೆ ಅವರು ಮನೆ ಮುಟ್ಟಲಿಕ್ಕೆ ಕಾಲು ಗಂಟೆ ಹಿಡೀತಿತ್ತು. ಅಷ್ಟರಲ್ಲಿ ಮಕ್ಕಳನ್ನ ಅವರ ಕೈಗೆ ಸಿಗದ ಹಾಗೆ ಆಚೆಮನೆಗೆ ಕಳಿಸ್ತಿದ್ದೆ. ನಿನ್ನೆ ಕಳಿಸ್ಲಿಕ್ಕೆ ಆಗ್ಲಿಲ್ಲ."