ಮೂರನೆಯ ಭಾನುವಾರದ ಆಕ್ಷೇಪಣೆ

ಎದ್ದು ನಿಲ್ಲಬೇಕೋ, ಹನ್ನೊಂದು ವರ್ಷ ಸುಮ್ಮನಿದ್ದವನು ಇನ್ನೊಂದು ನಿಮಿಷ ಸುಮ್ಮನಿದ್ದುಬಿಡಬೇಕೋ? ಪೇಟೆ ನಡುವಿನ ಆ ಇಂಗ್ಲಿಷರ ಕಾಲದ ಚರ್ಚಿನಲ್ಲಿ ಮದುವೆಗೆ ಮೊದಲು ಮೂರು ಭಾನುವಾರ ವಧೂವರರ ಹೆಸರು ಓದಿ, ಯಾರದಾದರೂ ಆಕ್ಷೇಪಣೆ ಇದೆಯೇ ಎಂದು ಸಭೆಯನ್ನು ಕೇಳುವುದು ಪದ್ಧತಿ. ಆರ್ಗನ್ ನುಡಿಸುವ ಸತ್ಯವತಿಯ ಹೆಸರನ್ನು ಎರಡು ಭಾನುವಾರ ಓದಿಯಾಗಿತ್ತು. ಗೋಪುರದಲ್ಲಿ ಗಂಟೆ ಬಾರಿಸುವ ಅವನು, ಅವಳ ಹೆಸರು ಕೇಳಿಸುತ್ತಲೇ ಎರಡು ಸಲವೂ ಕಿವಿ ಮುಚ್ಚಿಕೊಂಡಿದ್ದ. ವರನ ಹೆಸರು ಕೇಳುವ ಶಕ್ತಿ ಅವನಿಗಿರಲಿಲ್ಲ. ಆಮೇಲೆ ಯಾರ ಕಣ್ಣಿಗೂ ಬೀಳದೆ ಓಡಾಡಿದ್ದ. ಇವತ್ತು, ಮೂರನೆಯ ಭಾನುವಾರ, ಗೋಪುರದಿಂದಿಳಿದು ಸಭೆಯ ನಡುವೆ ಕೂತಿದ್ದ.

“ಅಂತೂ ಕೆಳಗಿಳಿದ್ಯಲ್ಲಪ್ಪಾ ಮಹಾರಾಯ!” ಎಂದು ಪಕ್ಕದ ಮುದುಕ ತಿವಿದ.

ಪಾದ್ರಿ ಅಯ್ಯನವರು ಹೆಸರಿನ ಕಾಗದ ಬಿಚ್ಚುತ್ತಿದ್ದಂತೆ ಅವನು ಎದ್ದೇಬಿಟ್ಟ. “ನಂದು ಆಕ್ಷೇಪಣೆ ಇದೆ, ಅಯ್ನೋರೇ!”

“ತಡಿಯಪ್ಪಾ, ಇನ್ನೂ ಓದೇ ಇಲ್ಲ.” ಅಯ್ಯನವರು ಕನ್ನಡಕ ಸರಿಮಾಡಿಕೊಂಡರು. “ವಧು, ಸತ್ಯವತಿ ಐಸಾಕ್. ವರ, ಇದೇ ಸಭೆಯ ಗಂಟೆ ಬಾರಿಸುವ ದೇವಸಹಾಯ.” ತಲೆಯೆತ್ತಿ ಅವನನ್ನೇ ನೋಡಿದರು. “ಅಂದ್ರೆ ನೀನೇ. ಈಗ ಹೇಳು, ನಿನ್ನ ಮದುವೆಗೆ ನಿಂದೇನಪ್ಪಾ ಆಕ್ಷೇಪಣೆ?”

ಸತ್ಯವತಿ ಆರ್ಗನ್ ಮುಂದಿನಿಂದ ತಿರುಗಿದಳು. “ಬೇಗ ಹೇಳು. ಹನ್ನೊಂದು ವರ್ಷದಿಂದ ಕಾಯ್ತಾ ಇದ್ದೀನಿ.”

ಅವನು ತಲೆಯೆತ್ತಿ ಗೋಪುರದ ಕಡೆ ನೋಡಿದ.

“ಅಲ್ಲ,” ಎಂದು ಅವನು ತಡವರಿಸಿದ, “ನಾನು ಕೆಳಗಿದ್ರೆ, ಮದುವೆ ಗಂಟೆ ಬಾರಿಸೋರು ಯಾರು?”

ಸಭೆ ಗೊಳ್ಳೆಂದು ನಕ್ಕಿತು. ತಾನು ಅವಳನ್ನು ಮದುವೆಯಾಗೆಂದು ಒಮ್ಮೆಯೂ ಕೇಳಿರಲಿಲ್ಲ, ಇಬ್ಬರ ಹೆಸರನ್ನೂ ಅಯ್ಯನವರಿಗೆ ಬರೆದುಕೊಟ್ಟವಳು ಅವಳೊಬ್ಬಳೇ ಎಂಬುದನ್ನು ಅವನು ಯಾರಿಗೂ, ಎಂದೂ ಹೇಳಲಿಲ್ಲ.